ಟೈಲರ್ ಅಕ್ಕ ಅತ್ತಿಗೆಗೆ ಹೇಳಿದ ಸೀರಿಯಲ್

ಕಾಪುವಿನ ನಮ್ಮ ಟೈಲರ್ ಅಕ್ಕ ರವಿಕೆಯ ಅಳತೆ ತೆಗೆಯುತ್ತಲೇ ಯಾರಿಗೆ ಯಾವ ಕೊರಿಯಾದ, ಜಪಾನಿನ ಸೀರಿಯಲ್ ಹಿಡಿಸೀತೆಂದು ಹೇಳುತ್ತಿದ್ದರು. ಊರೆಲ್ಲ ನೋಡುವ ಪ್ರೇಮಕಥೆ ಅವರಿಗೆ ಆಗದು.

ಒಮ್ಮೆ ನನ್ನ ಅತ್ತಿಗೆಯ ತೋಳಿಗೆ ಟೇಪು ಸುತ್ತಿ, "ನಿಮಗೇ ಅಂತ ಒಂದು ಉಂಟು. ಒಬ್ಬಳು ಅಡುಗೆ ಮಾಡಿ ಒಬ್ಬಳೇ ಉಣ್ಣುತ್ತಾಳೆ, ಬೇರೆ ಎಂತದ್ದೂ ಇಲ್ಲ. ಆದರೂ ನೋಡಿ" ಎಂದರು. 'ಆದರೂ ನೋಡಿ' ಎನ್ನದೆ ಅವರ ಮಾತು ಮುಗಿಯದು.

"ನನಗೆ ಎಂತದ್ದೂ ಇಲ್ವಾ ಅಕ್ಕ?" ಎಂದೆ ನಾನು.

"ನಿಮಗೆ ಯಾವುದಾದರೂ ಆಗ್ತದೆ ಮಾರಾಯ್ರೆ."

ಹೊಟ್ಟೆ ಉರಿಯಿತು. ಅತ್ತಿಗೆಯನ್ನು ಆ ಅಂಗಡಿಗೆ ಕರೆದುಕೊಂಡು ಹೋದವಳೇ ನಾನು! ಅವಳಿಗಿಂತ ಮೊದಲೇ ಅದನ್ನು ಪೂರಾ ನೋಡಿ ಅಂಗಡಿಗೆ ಓಡಿದೆ. "ಅಕ್ಕಾ, ಕೊನೆಗೆ ಅತ್ತೇಬಿಟ್ಟೆ!"

ಹೊಲಿಗೆಯ ಮಿಷನ್ ನಿಂತಿತು. ಅಕ್ಕನ ಮುಖ ಅರಳಿತು.

"ಹೌದಾ? ಅತ್ತಿಗೆ ಎಲ್ಲಿಯವರೆಗೆ ನೋಡಿದರಂತೆ?"