ಮಂಡಿಯೂರಿದ ಮೆದೂನ್

ನನ್ನ ತಮ್ಮ ಮೆದೂನನಿಗೆ ಯಾರಿಗೂ ಇಲ್ಲವೆನ್ನಲು ಬಾರದು. ನಮ್ಮೂರು ಥ್ಯಾರೋಯ್‌ನ ಕಡಲತೀರದಲ್ಲಿ ದೋಣಿಯಿಂದ ಮೀನಿನ ಪೆಟ್ಟಿಗೆ ಹೊರುವ ಹಮಾಲಿ ಅವನು. ತನ್ನದರ ಮೇಲೆ ಇನ್ನೊಬ್ಬನ ಪೆಟ್ಟಿಗೆಯನ್ನೂ ಹೇರಿಸಿಕೊಂಡು ಹಲ್ಲು ಬಿಡುತ್ತಾನೆ, ಪೆದ್ದ!

ಊರ ಕುಸ್ತಿಯಲ್ಲಿ ಅವನು ಎದುರಾಳಿಗಳಿಗೆ ಮಣ್ಣು ಮುಕ್ಕಿಸಿದ್ದನ್ನು ನೋಡಿ ರಾಜಧಾನಿ ಡಾಕಾರಿನಿಂದ ಇಸಾಗ ಸಾಹುಕಾರ ಬಂದ. ಕುಸ್ತಿ ಪಂದ್ಯ ಏರ್ಪಡಿಸುವುದೇ ಅವನ ಕಸುಬು.

"ದೊಡ್ಡ ಅಖಾಡದಲ್ಲಿ ಒಂದ್ಸಲ ಗೆಲ್ಲು, ನನ್ನ ಗರಡಿಗೆ ಸೇರಿಸ್ಕೋತೀನಿ. ಆಮೇಲೆ ಕುಸ್ತೀನೇ ನಿನ್ನ ಹೊಟ್ಟೆಪಾಡು" ಅಂದ.

ಪೆಟ್ಟಿಗೆ ಹೊತ್ತು ಹೊತ್ತು ತಮ್ಮನ ಬೆನ್ನು ಬಾಗತೊಡಗಿತ್ತು. ಒಪ್ಪದೆ ಬೇರೆ ದಾರಿ ಇರಲಿಲ್ಲ.

ಕೇರಿಯವರು ಸುಮ್ಮನಿರಬೇಕಲ್ಲ! ಅತ್ತೆಯಂದಿರು, ದೋಣಿಯವರು, ನಮ್ಮ ಜೊತೆ ಮಾತು ಬಿಟ್ಟಿದ್ದ ಪಕ್ಕದ ಮನೆಯವಳೂ ತಾಯತ ತಂದರು. ಮೈಮೇಲೆ ಸುರಿದುಕೊಳ್ಳಲು ಮಂತ್ರಿಸಿದ ನೀರಿನ ಬಾಟಲಿಗಳು ಬೇರೆ.

"ಇಷ್ಟೆಲ್ಲ ಕಟ್ಕೊಂಡ್ರೆ ಕೈ ಎತ್ತಕ್ಕಾಗತ್ತೇನೋ?"

"ಪ್ರೀತಿಯಿಂದ ಕೊಟ್ಟಿದ್ದಾರೆ ಅಕ್ಕಾ, ಬೇಡ ಅನ್ನಕ್ಕಾಗತ್ತಾ?"

ಕೊನೆಗೆ ಅಮ್ಮ ತನ್ನ ಕೊರಳಿನ ತಾಯತವನ್ನೇ ತೆಗೆದು ಅವನ ತೋಳಿಗೆ ಸುತ್ತಿದಳು. "ನಿಮ್ಮಪ್ಪ ಬದುಕಿದ್ದಾಗ ಕಟ್ಕೊಂಡಿದ್ದು ಇದು. ವಾಪಸ್ ತಂದ್ಕೊಡಬೇಕು."

"ದಾರ ಸವೆದಿದೆಯಲ್ಲಮ್ಮ, ಬೇರೆ ಹಾಕ್ತೀನಿ ತಾ."

"ಅವರು ಹಾಕಿದ ಗಂಟು ಕಣೇ. ಬಿಚ್ಚಬಾರ್ದು, ಸುಮ್ನಿರು."

ನಮ್ಮ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಸೋಲು. ಎರಡು ಕೈ, ಎರಡು ಮಂಡಿ ಒಟ್ಟಿಗೆ ತಾಗಿದರೂ ಸೋಲೇ. ಇದು ಹಾಲು ಕುಡಿಯುವ ಮಗುವಿಗೂ ಗೊತ್ತು.

ಅಖಾಡದಲ್ಲಿ ಮೆದೂನ ಬಾಟಲಿಗಳನ್ನೆಲ್ಲ ಸುರಿದುಕೊಂಡು ಮುಗಿಸುವ ಹೊತ್ತಿಗೆ ತೀರ್ಪುಗಾರನಿಂದ ಬೈಸಿಕೊಂಡಿದ್ದ. ಆದರೂ ಕುಸ್ತಿ ಶುರುವಾದದ್ದೇ ಎದುರಾಳಿಯ ಕಾಲು ಹಿಡಿದು ಎತ್ತಿಯೇಬಿಟ್ಟ. ಆ ಪೈಲ್ವಾನ ಒಂಟಿ ಕಾಲಲ್ಲಿ ಕುಣಿಯುತ್ತಿದ್ದ. ಒಂದು ತಳ್ಳು ತಳ್ಳಿದ್ದರೆ ಮುಗಿದಿತ್ತು.

ಆಗ ಅಮ್ಮ ಸುತ್ತಿದ್ದ ದಾರ ಕಿತ್ತುಹೋಯಿತು. ತಾಯತ ಮರಳಿಗೆ ಬಿತ್ತು.

"ಒಂದ್ನಿಮಿಷ ತಡಿ ಅಣ್ಣಾ" ಅಂದ ನನ್ನ ತಮ್ಮ. ಹಿಡಿದ ಕಾಲು ಬಿಟ್ಟ. ಎರಡೂ ಮಂಡಿ, ಎರಡೂ ಕೈ ಊರಿ ಮರಳು ಕೆದಕತೊಡಗಿದ! ಎದುರಾಳಿ ಬಾಯಿ ಬಿಟ್ಟು ನಿಂತ. ತೀರ್ಪುಗಾರ ಸೀಟಿ ಊದಿದ. ನಾನು ಹಣೆ ಹಣೆ ಚಚ್ಚಿಕೊಂಡೆ.

ಮನೆಗೆ ಬಂದವನೇ ತಾಯತವನ್ನು ಅಮ್ಮನ ಕೈಗಿಟ್ಟ.

"ಸೋತ್ಯಾ?"

"ಹೂಂ."

"ಇದು ಸಿಕ್ತಲ್ಲ, ಬಿಡು" ಅಂದಳು ಅಮ್ಮ.

ನನಗೆ ಮೈಯೆಲ್ಲ ಉರಿಯಿತು. "ತಾಯಿಗೆ ತಕ್ಕ ಮಗ! ಇಬ್ಬರೂ ಸೇರಿ ಇದನ್ನೇ ಬೇಯಿಸ್ಕೊಂಡು ತಿನ್ನಿ!" ಎಂದು ಕೂಗಾಡಿದೆ. ಅವನು ಮರುದಿನ ಮತ್ತೆ ಪೆಟ್ಟಿಗೆ ಹೊರಲು ಹೋದ.

ಒಂದು ವಾರದ ಮೇಲೆ ಸಾಹುಕಾರ ನಗುತ್ತಾ ಬಂದ. "ಊರೆಲ್ಲ 'ತಡಿ ಅಣ್ಣ' ಎಲ್ಲಿ ಅಂತ ಕೇಳ್ತಿದೆ. ಇನ್ನೊಂದು ಪಂದ್ಯ ಗೊತ್ತು ಮಾಡಿದೀನಿ. ಮತ್ತೆ ಮಂಡಿ ಊರಿದ್ರೆ ಮಾತ್ರ ನನ್ನ ಮುಖ ನೋಡಬೇಡ."

ತಾಯತವಿಲ್ಲದೆ ಅವನು ಹೋಗುವವನಲ್ಲ. ಗಂಟು ಬಿಚ್ಚಲು ಅಮ್ಮ ಬಿಡುವವಳಲ್ಲ. ಬೈಯುತ್ತಲೇ ಬಲೆ ಹೆಣೆಯುವ ದಾರ ತಂದೆ. ಅಪ್ಪನ ಗಂಟನ್ನು ಮುಟ್ಟದೆ, ಅದರ ಮೇಲೆಯೇ ಸುತ್ತಿ ಸುತ್ತಿ ತೋಳಿಗೆ ಬಿಗಿದೆ. ಇಂಥದ್ದನ್ನೆಲ್ಲ ನಂಬದ ನಾನು, ಪ್ರತಿ ಸುತ್ತಿಗೂ ದೇವರ ಹೆಸರು ಹೇಳಿದೆ.

ಈ ಸಲ ಬೆನ್ನು ಮರಳಿಗೆ ತಾಗಿದ್ದು ಎದುರಾಳಿಯದು. ಡೋಲುಗಳು ಮೊರೆದವು. ಸಾಹುಕಾರ ಮೆದೂನನನ್ನು ತಬ್ಬಿಕೊಂಡ. ನಾಳೆಯಿಂದ ಪೆಟ್ಟಿಗೆ ಹೊರಬೇಕಿಲ್ಲ. ತಮ್ಮ ಮಾತ್ರ ಜನರನ್ನೆಲ್ಲ ಸರಿಸಿಕೊಂಡು, ಅಳುಮುಖ ಮಾಡಿಕೊಂಡು ನನ್ನ ಹತ್ತಿರ ಓಡಿ ಬಂದ.

"ಅಕ್ಕಾ, ಇದು ಬಿಚ್ಚಕ್ಕೇ ಬರ್ತಿಲ್ವಲ್ಲೇ. ಅಮ್ಮಂಗೆ ಹೇಗೆ ವಾಪಸ್ ಕೊಡ್ಲಿ?"

"ಗೆದ್ದಿದ್ದೀಯ ಕಣೋ ಕತ್ತೆ!" ಎಂದು ಬೆನ್ನಿಗೊಂದು ಗುದ್ದಿದೆ. ಆಮೇಲೆ ಅಲ್ಲೇ, ಅಷ್ಟು ಜನರ ನಡುವೆ, ಅಳುತ್ತಾ ಹಲ್ಲಿನಿಂದ ಆ ದಾರ ಕಚ್ಚತೊಡಗಿದೆ.