ಅಳಿಸಿದ ಗುರುತು

ಬೀದಿಯವರಿಗೆಲ್ಲ ಅವನು ಇಂಚು ಮಾಮ. ಪ್ಯಾಂಟು ಹೊಲಿಯುವುದರಲ್ಲಿ ಎತ್ತಿದ ಕೈ. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಸೊಂಟ ನೋಡುತ್ತಾನೆಂದು ಹೆಂಡತಿ ಹಂಗಿಸುತ್ತಿದ್ದಳು.

ಎಡಹೊಟ್ಟೆಯ ನೋವನ್ನು ಎರಡು ವರ್ಷ ಗ್ಯಾಸ್ ಎಂದು ತಳ್ಳಿಹಾಕಿದ. ಮೂರನೆಯ ಸಲ ಜ್ವರ ಬಂದು ಮಲಗಿದಾಗ ಸ್ಕ್ಯಾನ್ ಆಯಿತು. ದೊಡ್ಡ ಕರುಳಿನ ಗೋಡೆಯಲ್ಲಿ ಬಟಾಣಿಯಂಥ ಉಬ್ಬುಗಳೆದ್ದು ಕೀವು ಕಟ್ಟುತ್ತಿವೆ, ಅಷ್ಟು ಭಾಗವನ್ನು ಕತ್ತರಿಸಿ ತೆಗೆಯಬೇಕು ಎಂದರು ಡಾಕ್ಟರು.

"ಕತ್ತರಿಸಿ ಹೊಲಿಯೋದು ತಾನೆ? ನಮ್ಮ ಕಸುಬೇ ಆಯ್ತಲ್ಲ," ಎಂದ.

"ಒಳಗೆ ಕೀವು ಜಾಸ್ತಿ ಇದ್ರೆ ತಕ್ಷಣ ಹೊಲಿಯಕ್ಕಾಗಲ್ಲ. ಕರುಳಿನ ತುದಿನ ಹೊಟ್ಟೆ ಮೇಲೆ ತಂದು ಚೀಲ ಅಂಟಿಸ್ತೀವಿ. ಕೆಲವು ತಿಂಗಳಾದ ಮೇಲೆ ಜೋಡಿಸಬಹುದು."

ಆಪರೇಷನ್ನಿನ ಹಿಂದಿನ ದಿನ ನರ್ಸ್ ಬಂದು ಅವನನ್ನು ನಿಲ್ಲಿಸಿ, ಬಗ್ಗಿಸಿ, ಹೊಲಿಗೆ ಯಂತ್ರದ ಮುಂದೆ ಕೂರುವ ಹಾಗೆ ಕೂರಿಸಿ ನೋಡಿದಳು. ಮಡಿಕೆ ಬೀಳದ ಜಾಗ ಹುಡುಕಿ ನೀಲಿ ಶಾಯಿಯ ಚುಕ್ಕೆ ಇಟ್ಟಳು. "ಚೀಲ ಬೇಕಾದ್ರೆ ಇಲ್ಲೇ." ಅವಳ ಅಳತೆ ಅವನಿಗೂ ಒಪ್ಪಿಗೆಯಾಯಿತು.

ಬೆಳಿಗ್ಗೆ ಸ್ನಾನದಲ್ಲಿ ಆ ಚುಕ್ಕೆಯನ್ನು ಉಜ್ಜಿ ಉಜ್ಜಿ ತೆಗೆದ. ಸೀಮೆಸುಣ್ಣದ ಗೆರೆ ಉಳಿದ ಬಟ್ಟೆಯನ್ನು ಅವನು ಎಂದೂ ಯಾರ ಕೈಗೂ ಕೊಟ್ಟವನಲ್ಲ. ತನ್ನ ಮೈಯನ್ನೂ ಹಾಗೆ ಕೊಡಲು ಮನಸ್ಸಾಗಲಿಲ್ಲ.

ಹೊಟ್ಟೆ ತೆರೆದಾಗ ಒಳಗೆ ಕೀವು ತುಂಬಿತ್ತು. ಮಲಗಿದ ಹೊಟ್ಟೆಯಲ್ಲಿ ಮಡಿಕೆಗಳು ಕಾಣುವುದಿಲ್ಲ. ಗುರುತು ಕಾಣದೆ ಡಾಕ್ಟರು ಸರಿ ಕಂಡಲ್ಲಿ ಚೀಲಕ್ಕೆ ದಾರಿ ಮಾಡಿದರು.

"ಗುರುತು ಎಲ್ಲಿ ಹೋಯ್ತು?" ಎಂದಳು ನರ್ಸ್, ಎರಡನೆಯ ದಿನ.

"ತೊಳೆದೆ."

ಅವಳು ಚೀಲದ ಅಂಚನ್ನು ಮತ್ತೊಮ್ಮೆ ಒತ್ತಿದಳು.

ಮನೆಗೆ ಬಂದ ಮೇಲೆ, ನಿಂತರೆ ಏನೂ ತೊಂದರೆಯಿರಲಿಲ್ಲ. ಯಂತ್ರದ ಮುಂದೆ ಬಗ್ಗಿದರೆ ಮಡಿಕೆ ಬಿದ್ದು ಅಂಟು ಬಿಡುತ್ತಿತ್ತು, ಸೋರುತ್ತಿತ್ತು. ಒಮ್ಮೆ ಗಿರಾಕಿಯ ಬಿಳಿ ಬಟ್ಟೆಯ ಮೇಲೇ ಸೋರಿತು.

"ನೀವು ನಿಂತು ಕತ್ತರಿಸಿ, ನಾನು ಹೊಲಿತೀನಿ," ಎಂದಳು ಹೆಂಡತಿ.

"ನೀನು ಹೊಲಿದ್ರೆ ಹಾಕ್ಕೊಂಡವ್ರು ಏಡಿ ಥರ ಅಡ್ಡಡ್ಡ ನಡೀತಾರೆ."

ಅವಳು ನಕ್ಕಳು. ಕರುಳು ಜೋಡಿಸುವ ದಿನಕ್ಕೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದ್ದೂ ಅವಳೇ.

ಆ ದಿನ ಡಾಕ್ಟರು ಹೃದಯದ ಪರೀಕ್ಷೆಗಳನ್ನು ಎರಡು ಸಲ ನೋಡಿದರು. ಮತ್ತೊಂದು ಆಪರೇಷನ್ ತಡೆದುಕೊಳ್ಳುವ ಹೃದಯವಲ್ಲ ಎಂದರು.

"ಜಾಗವಾದ್ರೂ ಬದಲಾಯಿಸಬಹುದಾ?"

"ಅದೂ ಆಪರೇಷನ್ನೇ. ಹೀಗೇ ರೂಢಿ ಮಾಡ್ಕೊಳ್ಳಿ."

ಮನೆಗೆ ಬಂದು ಯಂತ್ರಕ್ಕೆ ಹೊದಿಕೆ ಹಾಕಿದ. ಸಂಜೆ ಎದುರುಮನೆ ಮೇಷ್ಟ್ರು ಪ್ಯಾಂಟಿನ ಬಟ್ಟೆ ತಂದರು. ನಿಂತೇ ಅಳತೆ ತೆಗೆದ, ಗೆರೆ ಎಳೆದ. ಕತ್ತರಿ ಮುಟ್ಟಲಿಲ್ಲ. ಬಟ್ಟೆ ಮಡಿಸಿ ಅವರ ಕೈಗೇ ಕೊಟ್ಟ.

"ಬೇರೆ ಕಡೆ ಹೊಲಿಸ್ಕೊಳ್ಳಿ ಮೇಷ್ಟ್ರೆ. ಗುರುತು ಹಾಕಿದೀನಿ. ಅಳಿಸಬೇಡಿ."

ಏನೋ ತಮಾಷೆ ಎಂದುಕೊಂಡು ಮೇಷ್ಟ್ರು ನಕ್ಕರು.