ಜೀವಕೋಶಗಳಿಗೆ ಉಣಿಸುವ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನಿಗೆ ಮಕ್ಕಳಿಲ್ಲವೆಂದು ಯಾರಾದರೂ ಮರುಗಿದರೆ ಅವಳಿಗೆ ನಗು ಬರುತ್ತಿತ್ತು. "ಇಲ್ದೆ ಏನು? ಲಕ್ಷಾಂತರ ಇವೆ. ಭಾನುವಾರಾನೂ ರಜ ಕೊಡಲ್ಲ ಅವು!" ಎನ್ನುತ್ತಿದ್ದಳು.

ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲೊಂದು ಪ್ರಯೋಗಾಲಯ. ಮಕ್ಕಳ ಮೈಯಿಂದ ತೆಗೆದ ಕ್ಯಾನ್ಸರ್ ಗೆಡ್ಡೆಗಳ ಜೀವಕೋಶಗಳನ್ನು ಸಣ್ಣ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಸಾಕುವುದು ಅಲ್ಲಿ ಅವಳ ಕೆಲಸ. ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಿಂದ ತಟ್ಟೆ ತೆಗೆದು, ಹಳೆಯ ಗುಲಾಬಿ ಬಣ್ಣದ ಪೋಷಕ ದ್ರವ ಹೀರಿ, ಹೊಸದನ್ನು ಉಣಿಸಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಬೈಯುತ್ತಿದ್ದಳು. ಬೈಗುಳಕ್ಕೆ ಸಂಬಳವಿರಲಿಲ್ಲ, ಅದು ಅವಳ ಸ್ವಂತ ಸೇವೆ.

ಆದರೆ ಮಕ್ಕಳ ವಾರ್ಡಿಗೆ ಮಾತ್ರ ಕಾಲಿಡುತ್ತಿರಲಿಲ್ಲ. "ತಟ್ಟೆ ನೋಡಿದ್ರೆ ಏನೂ ಆಗಲ್ಲ. ಮುಖ ನೋಡಿದ್ರೆ ಮತ್ತೆ ತಟ್ಟೆ ಮುಟ್ಟೋಕಾಗಲ್ಲ."

ಕೊನೆಗೆ ವಾರ್ಡೇ ಅವಳ ಬಳಿಗೆ ಬಂತು. ದರ್ಜಿ ಕೆಲಸದ ಹೆಂಗಸೊಬ್ಬಳ ಮಗಳಿಗೆ ತೊಡೆಯಲ್ಲಿ ಗೆಡ್ಡೆಯೆದ್ದಿತ್ತು. ತಲೆ ಬೋಳು, ಮಾತು ಮಾತ್ರ ಅರಳು ಹುರಿದಂತೆ. "ನನ್ನ ಗೆಡ್ಡೆ ನಂಗೆ ತೋರ್ಸಿ" ಎಂದು ಪಟ್ಟು ಹಿಡಿದಳು. ಡಾಕ್ಟರು ಸೋತು, ತಾಯಿಮಗಳನ್ನು ಪ್ರಯೋಗಾಲಯಕ್ಕೆ ಕರೆತಂದರು.

ಹುಡುಗಿ ಸ್ಟೂಲು ಹತ್ತಿ ಸೂಕ್ಷ್ಮದರ್ಶಕದಲ್ಲಿ ಇಣುಕಿದಳು. "ಅಯ್ಯೋ, ಎಲ್ಲಾ ಒಂದೇ ಥರ ಇಲ್ವಲ್ಲ!"

"ಇಲ್ಲ ಪುಟ್ಟಿ. ಇವೆಲ್ಲ ಸ್ನಾಯು ಆಗೋಕೆ ಅಂತ ಹೊರಟವು. ಆ ದುಂಡಗಿರೋದು ಹೊಸಿಲೇ ದಾಟಿಲ್ಲ. ಬಾಲ ಇರೋದು ಅರ್ಧ ದಾರೀಲಿ ನಿಂತಿದೆ. ಅಗೋ, ಆ ಉದ್ದನೇದು, ಇನ್ನೇನು ಸ್ನಾಯು ಆಗೇಬಿಡ್ತು ಅನ್ನೋವಾಗ ನಿಂತ್ಬಿಟ್ಟಿದೆ. ಬೆಳೆಯೋ ಬದ್ಲು ಬರೀ ಸಂಖ್ಯೆ ಹೆಚ್ಚಿಸ್ಕೊಂಡು ಕೂತಿವೆ."

"ಯಾರಾದ್ರೂ ತಳ್ಳಿದ್ರೆ ಬೆಳೀತಾವಾ?"

"ಅದನ್ನೇ ಹುಡುಕ್ತಿದೀವಿ. ಒಂದಕ್ಕೆ ನಾಟೋ ಔಷಧಿ ಇನ್ನೊಂದಕ್ಕೆ ನಾಟಲ್ಲ, ಅದೇ ತಲೆನೋವು."

ಹುಡುಗಿ ಇನ್ನಷ್ಟು ಬಗ್ಗಿ, "ಏಯ್, ಬೆಳೀರೋ ಕತ್ತೆಗಳಾ!" ಎಂದು ಗದರಿದಳು. ಎಷ್ಟೋ ದಿನಗಳಿಂದ ನಗದ ತಾಯಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೇ ನಕ್ಕಳು. ತನಗೆ ಸರಿಜೋಡಿಯೊಬ್ಬಳು ಸಿಕ್ಕ ಖುಷಿಯಲ್ಲಿ ಚಿಕ್ಕಮ್ಮ ಮುಖ ನೋಡುವ ಭಯವನ್ನೇ ಮರೆತಳು. ಅಂದಿನಿಂದ ಕೆಲಸ ಮುಗಿದ ಮೇಲೆ ವಾರ್ಡಿಗೆ ಹೋಗತೊಡಗಿದಳು.

ತಿಂಗಳುಗಳು ಉರುಳಿದವು. ಒಂದು ಬೆಳಿಗ್ಗೆ, ಹೊಸ ಔಷಧಿ ಹಾಕಿದ್ದ ತಟ್ಟೆಯೊಂದರಲ್ಲಿ ಕೋಶಗಳು ಸಾಲಾಗಿ ನಿಂತು, ಒಂದಕ್ಕೊಂದು ಬೆಸೆದು, ಸ್ನಾಯುವಿನಂತೆ ಉದ್ದುದ್ದ ಎಳೆಗಳಾಗಿದ್ದವು. ಚಿಕ್ಕಮ್ಮ ಹಾಕಿದ ಕೂಗಿಗೆ ಪ್ರಯೋಗಾಲಯದ ಮುಖ್ಯಸ್ಥರು ಬೆಂಕಿ ಬಿತ್ತೆಂದೇ ಓಡಿಬಂದರು. ನೋಡಿ ನಿಟ್ಟುಸಿರಿಟ್ಟರು. "ಅರ್ಧ ತಟ್ಟೆ ಇನ್ನೂ ಜಗ್ಗಿಲ್ಲ ಕಣಮ್ಮ. ಇದು ರೋಗಿಗಳ ಕೈಗೆ ಬರೋಕೆ ವರ್ಷಗಳೇ ಬೇಕು."

"ಗೊತ್ತು ಸಾರ್. ಅರ್ಧ ಜಗ್ಗಿದ್ದಕ್ಕೆ ಅರ್ಧ ಕುಣೀತೀನಿ" ಎಂದವಳೇ ಒಂಟಿ ಕಾಲಲ್ಲಿ ಕುಣಿದಳು. ಅವರೂ ನಗು ತಡೆಯಲಾರದೆ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

ಹುಡುಗಿ ಗುಣವಾದದ್ದು ಆ ತಟ್ಟೆಯಿಂದಲ್ಲ. ಕೀಮೋ, ಶಸ್ತ್ರಚಿಕಿತ್ಸೆ, ವಿಕಿರಣ ಮೂರೂ ಸೇರಿ ಅವಳನ್ನು ಉಳಿಸಿದವು. ಸ್ಕ್ಯಾನಿನಲ್ಲಿ ಏನೂ ಉಳಿದಿಲ್ಲವೆಂದು ಡಾಕ್ಟರು ಹೇಳಿದ ದಿನ ದರ್ಜಿಯಮ್ಮ ನಮ್ಮ ಚಿಕ್ಕಮ್ಮನನ್ನು ತಬ್ಬಿ ನೆಲದಿಂದ ಎತ್ತಿಯೇಬಿಟ್ಟಳು. ಆದರೆ ಹುಡುಗಿಯ ಕಾಲು ಸೊರಗಿತ್ತು. ಸೈಕಲ್ ತುಳಿದರೆ ಬಲ ಬರುತ್ತದೆಂದರು. ಬೀಳುವ ಭಯಕ್ಕೆ ಅವಳು ಒಪ್ಪಲಿಲ್ಲ.

"ಮೊದ್ಲು ನೀವ್ ತುಳೀರಿ ದೊಡ್ಡಮ್ಮ" ಎಂದು ಚಿಕ್ಕಮ್ಮನಿಗೇ ಸವಾಲು ಹಾಕಿದಳು.

"ನಂಗೇ ಬರಲ್ವಲ್ಲೇ!"

"ಹಂಗಾದ್ರೆ ಇಬ್ರೂ ಕಲಿಯೋಣ."

ಭಾನುವಾರ ಆಸ್ಪತ್ರೆಯ ಖಾಲಿ ಪಾರ್ಕಿಂಗಿನಲ್ಲಿ ಮಗಳ ಸೀಟನ್ನು ದರ್ಜಿಯಮ್ಮ ಹಿಡಿದಳು, ಚಿಕ್ಕಮ್ಮನದನ್ನು ನಾನು. ಚಿಕ್ಕಮ್ಮ "ಬಿಡ್ಬೇಡ ಕಣೇ, ಬಿಡ್ಬೇಡ ಕಣೇ" ಎನ್ನುತ್ತಲೇ ನನ್ನ ಕೈ ತಪ್ಪಿಸಿಕೊಂಡು ಬೇಲಿಗಿಡಗಳೊಳಗೆ ನುಗ್ಗಿ, ಕೂದಲ ತುಂಬ ಎಲೆ ಮೆತ್ತಿಕೊಂಡು ಎದ್ದಳು. ಹುಡುಗಿ ಹೊಟ್ಟೆ ಹುಣ್ಣಾಗುವಂತೆ ನಗುತ್ತ ತುಳಿಯುತ್ತಲೇ ಇದ್ದಳು. ತಾಯಿ ಆಗಲೇ ಕೈಬಿಟ್ಟಿದ್ದಳು. ಅದು ಮಗಳಿಗೆ ಗೊತ್ತಾಗುವಷ್ಟರಲ್ಲಿ ಅವಳು ಪಾರ್ಕಿಂಗಿನ ಆ ತುದಿ ಮುಟ್ಟಿದ್ದಳು.

ಈಗ ಹುಡುಗಿ ಸೈಕಲ್ಲಿನಲ್ಲೇ ಶಾಲೆಗೆ ಹೋಗುತ್ತಾಳೆ. ಚಿಕ್ಕಮ್ಮನೂ ಕೆಲಸಕ್ಕೆ ಸೈಕಲ್ಲಿನಲ್ಲೇ. ಅವಳಿಗೆ ಬ್ರೇಕು ಮಾತ್ರ ಇನ್ನೂ ಒಲಿದಿಲ್ಲ. ಗೇಟಿನ ಕಾವಲುಗಾರನೇ ಎರಡೂ ಕೈ ಚಾಚಿ ಹಿಡಿದು ನಿಲ್ಲಿಸುತ್ತಾನೆ.